ಕೊನೆಯ ಸೆಮಿಸ್ಟರಿನ ಮಾಧ್ಯಮ ಪ್ರಾಜೆಕ್ಟ್: ಕೋಲಾರ ಜಿಲ್ಲೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮ, ಸಮೂಹ ಸಂವಹನ, ಚಲನಚಿತ್ರ ಅಧ್ಯಯನ ಎಂದು ವಿಭಾಗದ ಹೆಸರು ಏನೇ ಇರಲಿ, ಪದವಿಯ ಅಥವಾ ಎಂ.ಎ.ಯ ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಕಾದು ಕುಳಿತಿರುತ್ತದೆ. ಅಂಕ, ಗಡುವು, ಪುಟಗಳ ಸಂಖ್ಯೆ ಒಂದೊಂದು ಪಠ್ಯಕ್ರಮದಲ್ಲಿ ಒಂದೊಂದು ಬಗೆ. ಅವುಗಳಿಗೆ ನಿಮ್ಮ ವಿಭಾಗದ ಸುತ್ತೋಲೆಯೇ ಪ್ರಮಾಣ. ಸುತ್ತೋಲೆಯಲ್ಲಿ ಬರೆಯದ, ಆದರೆ ಪ್ರತಿ ವರ್ಷ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಾಜೆಕ್ಟ್ ಎಂದರೆ ಸಾಕ್ಷ್ಯಚಿತ್ರವನ್ನೇ ಮಾಡಬೇಕೆ?

ಇಲ್ಲ. ಕಿರುಚಿತ್ರ, ರೇಡಿಯೊ ರೂಪಕ, ಛಾಯಾಚಿತ್ರ ಸರಣಿ, ಪ್ರಾಯೋಗಿಕ ಪತ್ರಿಕೆ, ಸಂಶೋಧನಾ ಪ್ರಬಂಧ ಎಲ್ಲಕ್ಕೂ ಸಾಮಾನ್ಯವಾಗಿ ಅವಕಾಶವಿರುತ್ತದೆ. ಕ್ಯಾಮೆರಾ ಹಿಡಿಯಲು ಮನಸ್ಸಿಲ್ಲದವರು ಗುಂಪಿನ ಒತ್ತಾಯಕ್ಕೆ ಸಾಕ್ಷ್ಯಚಿತ್ರಕ್ಕೆ ಇಳಿಯುವುದು ಬೇಡ. ಒಂದು ಬೆಳೆಯ ಬೆಲೆ ಕುಸಿದ ವಾರದಲ್ಲಿ ಜಿಲ್ಲಾ ಪತ್ರಿಕೆಗಳೂ ರಾಜ್ಯ ಪತ್ರಿಕೆಗಳ ಜಿಲ್ಲಾ ಪುಟಗಳೂ ಅದನ್ನು ಹೇಗೆ ವರದಿ ಮಾಡಿದವು, ಯಾರ ಮಾತು ಬಂತು, ಯಾರದು ಬರಲೇ ಇಲ್ಲ ಎಂದು ಎಣಿಸಿ ಬರೆದ ಪ್ರಬಂಧ ಅರೆಬೆಂದ ಕಿರುಚಿತ್ರಕ್ಕಿಂತ ಎಷ್ಟೋ ಮೇಲು. ರೇಡಿಯೊ ರೂಪಕವನ್ನು ಯಾರೂ ಆರಿಸಿಕೊಳ್ಳುವುದಿಲ್ಲ ಎಂಬುದು ನನ್ನ ಹಳೆಯ ಕೊರಗು. ತಮಟೆ, ಕೋಲಾಟ, ತತ್ವಪದಗಳ ಈ ಸೀಮೆಯಲ್ಲಿ ಕಿವಿಗೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕು?

‘ರೈತರ ಬವಣೆ’, ‘ಸಾಮಾಜಿಕ ಜಾಲತಾಣ ಮತ್ತು ಯುವಜನತೆ’, ‘ಕೋಲಾರದ ನೀರಿನ ಸಮಸ್ಯೆ’. ಇಂಥವು ಭಾಷಣದ ತಲೆಬರಹಗಳು, ಪ್ರಾಜೆಕ್ಟಿನ ವಿಷಯಗಳಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ನನಗೆ ಯಾವ ಮನೆಯ, ಯಾವ ಅಂಗಡಿಯ, ಯಾವ ಗದ್ದೆಯ ಬಾಗಿಲು ಮತ್ತೆ ಮತ್ತೆ ತೆರೆಯುತ್ತದೆ? ಒಂದೇ ಸಲ ಹೋಗಿ ಸಂದರ್ಶನ ಮಾಡಿ ಬಂದದ್ದು ಸುದ್ದಿಯಾಗುತ್ತದೆ. ಹಲವು ಸಲ ಹೋಗಿ, ಅಲ್ಲಿಯವರು ನಿಮ್ಮ ಕ್ಯಾಮೆರಾವನ್ನು ಮರೆತು ತಮ್ಮ ಕೆಲಸ ತಾವು ಮಾಡತೊಡಗಿದ ಮೇಲೆ ಸಿಕ್ಕಿದ್ದು ಚಿತ್ರವಾಗುತ್ತದೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಲ್ಲಿ ಹಲವರ ಮನೆಯಲ್ಲೋ ನೆಂಟರ ಮನೆಯಲ್ಲೋ ರೇಷ್ಮೆ ಸಾಕಣೆ ಇರುತ್ತದೆ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೆಯ ಜ್ವರ (ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ) ಮುಗಿಸಿದ ಹುಳು ಮನೆಗೆ ಬಂದ ದಿನದಿಂದ ಗೂಡು ಮಾರುಕಟ್ಟೆಗೆ ಹೋಗುವ ದಿನದವರೆಗೆ ಮೂರರಿಂದ ಮೂರೂವರೆ ವಾರ. ಆರಂಭ, ಏರುವ ಒತ್ತಡ, ಕೊನೆಗೆ ಹರಾಜಿನ ಬೆಲೆ ಎಲ್ಲವೂ ಒಂದೇ ಬೆಳೆಯೊಳಗಿವೆ. ಚಿತ್ರಕಥೆಯನ್ನು ಹುಳುವೇ ಬರೆದುಕೊಡುತ್ತದೆ. ಐದನೆಯ ಹಂತದಲ್ಲಿ ಹುಳು ಹಗಲು ರಾತ್ರಿ ಸೊಪ್ಪು ಮೇಯುತ್ತದೆ, ಮನೆಮಂದಿಗೆ ನಿದ್ದೆಯಿಲ್ಲ. ನಿಮಗೆ ದೃಶ್ಯ ಸಿಗುವುದು ಆಗ. ಜ್ವರಕ್ಕೆ ಕೂತ ದಿನ ಹುಳು ತಿನ್ನದೆ, ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ. ‘ಇವತ್ತು ಶೂಟ್ ಮಾಡಲು ಏನೂ ಇಲ್ಲ ಸರ್’ ಎಂದು ವಿದ್ಯಾರ್ಥಿಗಳು ಮನೆಯಲ್ಲೇ ಉಳಿಯುವ ದಿನವೂ ಅದೇ. ಆದರೆ ಮನೆಯ ಹೆಂಗಸರು ಒಂದಿಷ್ಟು ಬಿಡುವಾಗಿ ಕುಳಿತು ಮಾತನಾಡುವುದು ಆ ದಿನವೇ. ಸಾಲ, ಹಿಂದಿನ ಬೆಳೆ, ಮಗಳ ಓದು ಎಲ್ಲವೂ ಆಗ ಹೊರಬರುತ್ತವೆ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಹೊತ್ತಿಗೆ ಪಕ್ಕದ ಮನೆಯವರೂ ಬಂದು ಕೈಹಾಕುತ್ತಾರೆ. ನೀವೂ ಕ್ಯಾಮೆರಾ ಒಬ್ಬರ ಕೈಗೆ ಕೊಟ್ಟು ಉಳಿದವರು ಕೆಲಸಕ್ಕೆ ಇಳಿಯುವುದು ಮರ್ಯಾದೆ.

ಹುಳುಮನೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಿ, ಅವರು ಕೊಟ್ಟ ದ್ರಾವಣದಲ್ಲಿ ಕೈ ಅದ್ದಿ. ಸೊಳ್ಳೆ ನಿವಾರಕ, ಸುಗಂಧದ್ರವ್ಯ ಹಚ್ಚಿಕೊಂಡು ಹೋಗಬೇಡಿ. ಪ್ರಖರ ದೀಪವನ್ನು ತಟ್ಟೆಯ ಮೇಲೆ ನೇರ ಹಾಯಿಸಬೇಡಿ. ನಿಮ್ಮ ಒಂದು ಶಾಟಿಗಾಗಿ ಅವರ ಬೆಳೆ ಹೋಗಬಾರದು.

ಕೆಜಿಎಫ್ ಬಗ್ಗೆ ಮಾಡಬಹುದೇ?

ಮಾಡಬಹುದು. ಆದರೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಮೇಲೆ ಗೆಳೆಯನನ್ನು ನಡೆಸಿ, ಹಿಂದೆ ಕೊಳಲು ಹಾಕಿ, ‘ಒಂದು ಕಾಲದಲ್ಲಿ ಇಲ್ಲಿ ಚಿನ್ನವಿತ್ತು’ ಎಂದು ದಪ್ಪ ದನಿಯಲ್ಲಿ ಹೇಳಿಸುವ ಚಿತ್ರಗಳು ಸಾಕಷ್ಟಾಗಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗೆ ಹರಿದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 28 ಫೆಬ್ರುವರಿ 2001ರಂದು ಗಣಿ ಮುಚ್ಚಿದ್ದು, ಇದಿಷ್ಟನ್ನೂ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಿಕೊಳ್ಳುತ್ತಾರೆ. ನಿಮ್ಮ ಚಿತ್ರ ಅದರ ಆಚೆಗೆ ಏನು ಕೊಡುತ್ತದೆ?

ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲನ್ನು ನೋಡಿ. ಗಣಿ ಮುಚ್ಚಿದ ಊರಿನ ಮಕ್ಕಳು, ಮೊಮ್ಮಕ್ಕಳು ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಆ ಡಬ್ಬಿಯೊಳಗೆ ಇಸ್ಪೀಟು, ಭಜನೆ, ಚೀಟಿ ವ್ಯವಹಾರ, ನಿದ್ದೆ ಎಲ್ಲ ಇವೆ. ಒಬ್ಬ ಪ್ರಯಾಣಿಕಳ ಒಂದು ದಿನ ಎಂದಿಟ್ಟುಕೊಂಡರೂ ಹದಿನೈದು ನಿಮಿಷದ ಚಿತ್ರಕ್ಕೆ ಧಾರಾಳ. ದಿಬ್ಬಗಳೂ ಹಳೆಯ ಶಾಫ್ಟ್‌ಗಳೂ ಇರುವ ಜಾಗ ಗಣಿ ಕಂಪನಿಯದು. ಅಲ್ಲಿಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧವೂ ಹೌದು, ಅಪಾಯವೂ ಹೌದು.

ಸಿನಾಪ್ಸಿಸ್ ಪದೇ ಪದೇ ವಾಪಸ್ ಬರುತ್ತಿದೆ. ಏನು ಬರೆಯಬೇಕು?

ಪ್ರಶ್ನೆ ಇಲ್ಲದ ಸಿನಾಪ್ಸಿಸ್ ವಾಪಸ್ ಬರಲೇಬೇಕು. ‘ಕೋಲಾರದ ಟೊಮೆಟೊ ಬೆಳೆಗಾರರ ಸಮಸ್ಯೆಗಳು’ ಎಂದು ಬರೆದರೆ ಗೈಡಿಗೆ ಓದಲು ಏನೂ ಇರುವುದಿಲ್ಲ. ‘ಎಪಿಎಂಸಿ ಹರಾಜಿನಲ್ಲಿ 15 ಕಿಲೋ ಬಾಕ್ಸಿನ ಬೆಲೆ ಕೂಗಿದ ಕ್ಷಣದಿಂದ ರೈತನ ಕೈಗೆ ಲೆಕ್ಕದ ಚೀಟಿ ಬರುವವರೆಗೆ ಆ ಬೆಲೆಯಲ್ಲಿ ಏನೇನು ಕಡಿತವಾಗುತ್ತದೆ?’ ಎಂದು ಬರೆದರೆ ಯಾರನ್ನು ಮಾತನಾಡಿಸಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ ಏಳಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಜೊತೆಗೆ ಈಗಾಗಲೇ ಒಪ್ಪಿರುವ ಇಬ್ಬರು ಮೂವರ ವಿವರ, ಸ್ಥಳಗಳು, ವಾರವಾರದ ಯೋಜನೆ, ನಿಮ್ಮ ಬಳಿ ಇರುವ ಸಲಕರಣೆ ಇಷ್ಟು ಸೇರಿಸಿ. ಕೆ.ಸಿ. ವ್ಯಾಲಿಯ ನೀರಿನ ಬಗ್ಗೆ ಮಾಡುವವರಿಗೂ ಇದೇ ಮಾತು. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎಲ್ಲ ಕೆರೆಗಳನ್ನೂ ಸುತ್ತಬೇಡಿ. ಒಂದು ಕೆರೆ, ಅದರ ಅಂಚಿನ ಒಂದು ಬೋರ್‌ವೆಲ್, ಅಲ್ಲಿ ದನ ಮೇಯಿಸುವ ಒಬ್ಬರು, ಮೀನು ಹಿಡಿಯುವ ಒಬ್ಬರು ಸಾಕು.

ಗೈಡ್ ಕೈಗೇ ಸಿಗುವುದಿಲ್ಲ. ಏನು ಮಾಡುವುದು?

‘ಸರ್, ಡೌಟ್ ಇದೆ’ ಎಂದು ಸಂದೇಶ ಕಳಿಸಿದರೆ ಉತ್ತರ ಬರುವುದಿಲ್ಲ. ಎರಡು ನಿಮಿಷದ ಕಚ್ಚಾ ಸಂಕಲನವನ್ನೋ ಒಂದು ಪುಟದ ಬರಹವನ್ನೋ ಹಿಡಿದುಕೊಂಡು ಹೋಗಿ. ನೋಡಲು ಏನಾದರೂ ಇದ್ದರೆ ಮೇಷ್ಟ್ರುಗಳು ಬಿಡುವು ಮಾಡಿಕೊಳ್ಳುತ್ತಾರೆ. ಪ್ರತಿ ಭೇಟಿಯ ದಿನಾಂಕ, ಸಲಹೆ ಬರೆದು ಸಹಿ ಹಾಕಿಸಿಕೊಳ್ಳಿ. ಮೌಖಿಕ ಪರೀಕ್ಷೆಯ ದಿನ ಅದು ನಿಮ್ಮ ರಕ್ಷಣೆಗೆ ಬರುತ್ತದೆ.

ಕ್ಯಾಮೆರಾ ಇಲ್ಲ. ಮೊಬೈಲ್ ಸಾಕೇ?

ಸಾಕು. ಆದರೆ ಮೊಬೈಲನ್ನು ಅದರ ಪಾಡಿಗೆ ಬಿಡಬೇಡಿ. ನಮ್ಮಲ್ಲಿ ವಿದ್ಯುತ್ ಸರಬರಾಜು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮಿನಲ್ಲಿ ಚಿತ್ರೀಕರಿಸುತ್ತವೆ. ಅದರಿಂದಾಗಿ ಪಂಚಾಯಿತಿ ಕಚೇರಿಯ ಒಳಗೆ ತೆಗೆದ ಸಂದರ್ಶನದಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಕೈಯಾರೆ ಹೊಂದಿಸಲು ಬಿಡುವ ಯಾವುದಾದರೂ ಕ್ಯಾಮೆರಾ ಆ್ಯಪ್ ಹಾಕಿಕೊಂಡು 25 ಫ್ರೇಮ್, ಶಟರ್ 1/50 ಎಂದು ಇಡಿ. ಪಟ್ಟಿ ಮಾಯವಾಗುತ್ತದೆ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಇಲ್ಲದಿದ್ದರೆ ಮಾತನಾಡುವವರು ತಲೆ ಅಲ್ಲಾಡಿಸಿದಾಗಲೆಲ್ಲ ಚಿತ್ರ ಕತ್ತಲಾಗಿ ಬೆಳಕಾಗುತ್ತದೆ.

ಇನ್ನೊಂದು ತೊಂದರೆ ಸಂಕಲನದ ಮೇಜಿನ ಮೇಲೆ ಮಾತ್ರ ಗೊತ್ತಾಗುತ್ತದೆ. ಹಲವು ಮೊಬೈಲುಗಳು ಫ್ರೇಮ್ ವೇಗವನ್ನು ಚಿತ್ರೀಕರಣದ ನಡುವೆಯೇ ಏರಿಳಿಸುತ್ತವೆ. ಬೇರೆ ರೆಕಾರ್ಡರಿನಲ್ಲಿ ಹಿಡಿದ ಧ್ವನಿಯನ್ನು ಇದಕ್ಕೆ ಜೋಡಿಸಿದರೆ ಮೊದಲ ನಿಮಿಷದಲ್ಲಿ ತುಟಿಗೂ ಮಾತಿಗೂ ಹೊಂದುತ್ತದೆ, ಹತ್ತನೆಯ ನಿಮಿಷಕ್ಕೆ ಮಾತು ಜಾರಿರುತ್ತದೆ. ಸಂಕಲನಕ್ಕೆ ಮುನ್ನ ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಎಲ್ಲ ಕಡತಗಳನ್ನೂ ಸ್ಥಿರ 25 ಫ್ರೇಮಿಗೆ ಬದಲಿಸಿಕೊಳ್ಳಿ.

ಚಿತ್ರ ಚೆನ್ನಾಗಿದೆ, ಧ್ವನಿ ಕೆಟ್ಟಿದೆ. ಸರಿಮಾಡಬಹುದೇ?

ಬಹುಪಾಲು ಇಲ್ಲ. ಅಲುಗಿದ ಚಿತ್ರವನ್ನು ನೋಡುಗರು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಕೈಯಲ್ಲಿರುವ ಹಣದಲ್ಲಿ ಒಂದೇ ವಸ್ತು ಕೊಳ್ಳುವುದಾದರೆ ಅದು ಕಾಲರ್ ಮೈಕ್ ಆಗಿರಲಿ.

ಟೊಮೆಟೊ ಮಂಡಿಯಲ್ಲಿ ಧ್ವನಿ ಹಿಡಿಯುವುದನ್ನು ಕಲಿತವರಿಗೆ ಬೇರೆಲ್ಲ ಕಡೆ ಸುಲಭ. ಹರಾಜು ಕೂಗುವವರ ಗಂಟಲು, ಬಾಕ್ಸ್ ಎಸೆಯುವ ಸದ್ದು, ಹಿಂದಕ್ಕೆ ಬರುವ ಲಾರಿಯ ಪೀಪಿ ಎಲ್ಲ ಒಂದೇ ಸಲ ನುಗ್ಗುತ್ತವೆ. ರೆಕಾರ್ಡಿಂಗ್ ಮಟ್ಟವನ್ನು ಸ್ವಯಂಚಾಲಿತಕ್ಕೆ ಬಿಟ್ಟರೆ ಕೂಗು ನಿಂತ ಕೂಡಲೇ ಯಂತ್ರ ಗದ್ದಲವನ್ನು ಮೇಲೆತ್ತುತ್ತದೆ, ಕೂಗು ಬಂದಾಗ ಒಡೆಯುತ್ತದೆ. ಕೈಯಾರೆ ಹೊಂದಿಸಿ. ಅತಿ ಜೋರಿನ ಕೂಗು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ, ಸಾಮಾನ್ಯ ಮಾತು ಮೈನಸ್ 12ರ ಆಸುಪಾಸಿನಲ್ಲಿ ಇರಲಿ. ಹಮಾಲರನ್ನು ಮಾತನಾಡಿಸುವಾಗ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಎಲ್ಲರೂ ಹೋದ ಮೇಲೆ, ಅದೇ ಜಾಗದಲ್ಲಿ ನಿಂತು, ಯಾರೂ ಮಾತನಾಡದೆ ಒಂದು ನಿಮಿಷ ಬರೀ ಪರಿಸರದ ಸದ್ದನ್ನು ಹಿಡಿದುಕೊಳ್ಳಿ. ಎರಡು ಮಾತುಗಳ ನಡುವಿನ ಕತ್ತರಿ ಗುರುತನ್ನು ಮುಚ್ಚಲು ಅದು ಬೇಕಾಗುತ್ತದೆ. ಮನೆಯೊಳಗಾದರೆ ಫ್ಯಾನ್, ಫ್ರಿಜ್ ಆರಿಸಲು ಕೇಳಿಕೊಳ್ಳಿ. ಹೊರಡುವಾಗ ಫ್ರಿಜ್ ಮತ್ತೆ ಹಾಕುವುದನ್ನು ಮರೆತರೆ ಹಾಲು ಒಡೆದು ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ನಮ್ಮ ಊರಿನವರು ತೆಲುಗು ಮಾತನಾಡುತ್ತಾರೆ. ಕನ್ನಡ ಪ್ರಾಜೆಕ್ಟಿನಲ್ಲಿ ಇಟ್ಟುಕೊಳ್ಳಬಹುದೇ?

ಧೈರ್ಯವಾಗಿ ಇಟ್ಟುಕೊಳ್ಳಿ. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ ಕಡೆ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಹಲವು ಬೀದಿಗಳಲ್ಲಿ ದಖನಿ ಉರ್ದು. ಕ್ಯಾಮೆರಾ ಕಂಡ ಕೂಡಲೇ ಹಿರಿಯರು ಕಷ್ಟಪಟ್ಟು ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೆ, ಮಾತು ಒಣಗುತ್ತದೆ. ‘ಅವ್ವಾ, ಮನೆಯಲ್ಲಿ ಮಾತನಾಡುವ ಹಾಗೇ ಹೇಳಿ’ ಎಂದು ಮೊದಲೇ ಹೇಳಿಬಿಡಿ. ಅವರ ದನಿಯ ಮೇಲೆ ನಿರೂಪಕನ ದನಿ ಹೇರುವ ಬದಲು ಕನ್ನಡ ಸಬ್‌ಟೈಟಲ್ ಕೊಡಿ. ಎರಡು ಸಾಲಿಗಿಂತ ಹೆಚ್ಚು ಬೇಡ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗವಿರಲಿ. ಅನುವಾದವನ್ನು ಆ ಭಾಷೆ ಮನೆಮಾತಾಗಿರುವ ಒಬ್ಬರಿಂದ ಓದಿಸಿ. ಮೌಖಿಕ ಪರೀಕ್ಷೆಗೆ ಬರುವ ಬಾಹ್ಯ ಪರೀಕ್ಷಕರಿಗೆ ತೆಲುಗು ಚೆನ್ನಾಗಿಯೇ ಬರುತ್ತಿರಬಹುದು ಎಂಬುದು ನೆನಪಿರಲಿ.

ಯಾವುದಕ್ಕೆಲ್ಲ ಅನುಮತಿ ಬೇಕು?

ವಿಭಾಗದ ಮುಖ್ಯಸ್ಥರ ಸಹಿ, ಮುದ್ರೆ ಇರುವ ಪತ್ರವೇ ನಿಮ್ಮ ಗುರುತಿನ ಚೀಟಿ. ವಿದ್ಯಾರ್ಥಿಗಳ ಹೆಸರು, ದಿನಾಂಕ, ಸ್ಥಳ ನಮೂದಿಸಿ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎಪಿಎಂಸಿಯಲ್ಲಿ ಕಾರ್ಯದರ್ಶಿ, ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ಬೆಟ್ಟ ಕಾಡಿನ ಕಡೆ ಅರಣ್ಯ ಇಲಾಖೆ. ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ಬಿಚ್ಚುವ ಮುನ್ನ ಅವರ ಅನುಮತಿ ಬೇಕು. ರೈಲು ನಿಲ್ದಾಣ, ರೈಲಿನ ಒಳಗೆ ಚಿತ್ರೀಕರಿಸಲು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಬರೆಯಬೇಕು. ಉತ್ತರ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲೇ ಬರೆಯಿರಿ.

ಡ್ರೋನ್ ಬಗ್ಗೆ ಎಲ್ಲರಿಗೂ ಆಸೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ಹಾರಿಸುವ ಜಾಗ ಹಸಿರು ವಲಯದಲ್ಲಿರಬೇಕು, ಅಲ್ಲಿಯೂ ಮಿತಿ 400 ಅಡಿ. ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿರುವುದರಿಂದ ನಂದಿಬೆಟ್ಟದ ಕಡೆ ಹೋಗುವವರು ಡ್ರೋನ್ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಡಬ್ಬಿ ತೆರೆಯಬಾರದು. ನನ್ನನ್ನು ಕೇಳಿದರೆ, ವಿದ್ಯಾರ್ಥಿ ಚಿತ್ರಗಳಲ್ಲಿನ ಹತ್ತು ಡ್ರೋನ್ ಶಾಟುಗಳಲ್ಲಿ ಒಂಬತ್ತನ್ನು ಕಿತ್ತುಹಾಕಿದರೆ ಚಿತ್ರ ಸುಧಾರಿಸುತ್ತದೆ.

ಒಪ್ಪಿಗೆ ಪತ್ರ ನಿಜವಾಗಿಯೂ ಬೇಕೇ? ಅವರು ನಮ್ಮ ಊರಿನವರೇ.

ಬೇಕು. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಅವರು ಒಪ್ಪುವುದನ್ನು ಕ್ಯಾಮೆರಾದಲ್ಲಿ ದಾಖಲಿಸಿ. ಚಿತ್ರ ಎಲ್ಲೆಲ್ಲಿ ಪ್ರದರ್ಶನವಾಗಬಹುದು ಎಂಬುದನ್ನೂ ಹೇಳಬೇಕು. ‘ಕಾಲೇಜಿಗೆ ಮಾತ್ರ’ ಎಂದು ಹೇಳಿ ಆಮೇಲೆ ಯೂಟ್ಯೂಬಿಗೆ ಏರಿಸುವುದು ಮೋಸ. ಮಕ್ಕಳಾದರೆ ಪೋಷಕರ ಸಹಿ ಕಡ್ಡಾಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತನ್ನು ಬಿಟ್ಟುಕೊಡುವುದು 2012ರ ಪೋಕ್ಸೊ ಕಾಯಿದೆಯ 23ನೆಯ ಕಲಂ ಅಡಿ ಅಪರಾಧ. ಅತ್ಯಾಚಾರ ಸಂತ್ರಸ್ತೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ ಇದೆ. ಮುಖ ಮಸುಕು ಮಾಡಿದರೆ ಸಾಲದು. ಮನೆಯ ಬಾಗಿಲು, ಶಾಲೆಯ ಸಮವಸ್ತ್ರ, ಅಜ್ಜಿಯ ದನಿ ಕೂಡ ಸಣ್ಣ ಊರಿನಲ್ಲಿ ಗುರುತು ಹೇಳುತ್ತವೆ.

ಮುಖ್ಯ ವ್ಯಕ್ತಿಯೇ ಕೊನೆ ಗಳಿಗೆಯಲ್ಲಿ ಬೇಡವೆಂದರೆ?

ಬಿಟ್ಟುಬಿಡಿ. ಸಹಿ ತೋರಿಸಿ ವಾದಿಸಬೇಡಿ. ಏಕೆ ಬೇಡವೆಂದರು ಎಂದು ಕೇಳಿ. ಅನೇಕ ಸಲ ಒಂದೆರಡು ಮಾತು ತೆಗೆದರೆ ಅವರಿಗೆ ಸಮಾಧಾನವಾಗುತ್ತದೆ. ಭಾವಮೈದುನನ ಬಗ್ಗೆ, ಮಂಡಿ ಮಾಲೀಕರ ಬಗ್ಗೆ ಆಡಿದ ಮಾತೇ ಸಾಮಾನ್ಯವಾಗಿ ಅದು. ಈ ಕಾರಣಕ್ಕೇ ಆರಂಭದಿಂದಲೂ ಎರಡನೆಯ ವ್ಯಕ್ತಿಯೊಬ್ಬರನ್ನು ಚಿತ್ರೀಕರಿಸುತ್ತಾ ಬನ್ನಿ.

ಸಿನಿಮಾ ಹಾಡನ್ನು ಹಿನ್ನೆಲೆಗೆ ಬಳಸಬಹುದೇ? ಕ್ರೆಡಿಟ್ ಕೊಡುತ್ತೇವೆ.

ಕ್ರೆಡಿಟ್ ಕೊಟ್ಟರೆ ಹಕ್ಕು ಸಿಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ, ಸಾಹಿತ್ಯ ಮತ್ತು ಸಂಗೀತಕ್ಕೆ ಕೃತಿಕಾರರ ನಿಧನಾನಂತರ 60 ವರ್ಷ. ಚಿತ್ರವೊಂದನ್ನು ವಿಮರ್ಶಿಸುವ ದೃಶ್ಯಪ್ರಬಂಧದಲ್ಲಿ ಅದರ ತುಣುಕು ತೋರಿಸುವುದಕ್ಕೆ 52ನೆಯ ಕಲಂನಲ್ಲಿ ಅವಕಾಶವಿದೆ. ನಿಮ್ಮ ನಾಯಕ ಬೈಕಿನಲ್ಲಿ ಹೋಗುವಾಗ ಹಾಡು ಹಾಕುವುದಕ್ಕೆ ಇಲ್ಲ.

ಅದರ ಅಗತ್ಯವಾದರೂ ಏನು? ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಗೆ. ಊರೂರಿನಲ್ಲಿ ತಂಡಗಳಿವೆ. ಒಂದು ಸಂಜೆ ಕೂತು ನುಡಿಸಿಸಿ, ಧ್ವನಿ ಮುದ್ರಿಸಿಕೊಳ್ಳಿ. ಕೈಗೆ ಸಂಭಾವನೆ ಕೊಟ್ಟು, ಬಳಸಲು ಲಿಖಿತ ಒಪ್ಪಿಗೆ ಪಡೆಯಿರಿ. ಸಿದ್ಧವಾಗಿ ಸಿಗುವ ಸ್ಟಾಕ್ ಪಿಟೀಲಿಗಿಂತ ಅದು ನಿಮ್ಮ ಚಿತ್ರಕ್ಕೆ ಒಪ್ಪುತ್ತದೆ.

ಸಂಕಲನಕ್ಕೆ ಯಾವ ತಂತ್ರಾಂಶ? ಕನ್ನಡ ಅಕ್ಷರ ಒಡೆಯುತ್ತಿದೆ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಹಳೆಯ ಕಂಪ್ಯೂಟರಾದರೆ ಕೆಡೆನ್‌ಲೈವ್. ಶೀರ್ಷಿಕೆಯಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಬಂದು ನಿಂತರೆ ಎರಡು ಕಾರಣ: ನೀವು ನುಡಿಯ ಹಳೆಯ ಎನ್ಕೋಡಿಂಗಿನಲ್ಲಿ ಬೆರಳಚ್ಚು ಮಾಡಿದ್ದೀರಿ, ಇಲ್ಲವೇ ತಂತ್ರಾಂಶಕ್ಕೆ ಭಾರತೀಯ ಲಿಪಿ ಜೋಡಿಸಲು ಬರುತ್ತಿಲ್ಲ. ಯೂನಿಕೋಡ್‌ನಲ್ಲಿ ಬರೆದು, ನೋಟೊ ಸಾನ್ಸ್ ಕನ್ನಡದಂಥ ಅಕ್ಷರ ಬಳಸಿ. ಆಗಲೂ ಆಗದಿದ್ದರೆ ಶೀರ್ಷಿಕೆಯನ್ನು ಬೇರೆ ಕಡೆ ಸಿದ್ಧಪಡಿಸಿ, ಪಾರದರ್ಶಕ ಹಿನ್ನೆಲೆಯ ಚಿತ್ರವಾಗಿ ತಂದು ಕೂರಿಸಿ. ‘ಕೃತಜ್ಞತೆ’ ಎಂಬ ಪದವೇ ಒಡೆದು ನಿಂತ ಪರದೆಯನ್ನು ಪರೀಕ್ಷಕರು ಮರೆಯುವುದಿಲ್ಲ.

ಕಡತಗಳನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಮೆಮೊರಿ ಕಾರ್ಡನ್ನು ಎರಡೂ ಪ್ರತಿ ತೆರೆದು ನೋಡುವವರೆಗೆ ಅಳಿಸಬೇಡಿ.

ಪ್ರಾಜೆಕ್ಟ್ ವರದಿಯನ್ನು ಎಐನಿಂದ ಬರೆಸಿದರೆ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ನಿಮ್ಮ ಹರಾಜು ಕಟ್ಟೆಯ ವಾಸನೆ ಅದರಲ್ಲಿ ಇರುವುದಿಲ್ಲ. ನಕಲಿನ ಬಗ್ಗೆ ಯುಜಿಸಿಯ 2018ರ ನಿಯಮಾವಳಿ ಇದೆ. ಅದರ ಪ್ರಕಾರ ಶೇ. 10ಕ್ಕಿಂತ ಹೆಚ್ಚು, ಶೇ. 40ರವರೆಗೆ ಹೋಲಿಕೆ ಕಂಡರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ, ಅದನ್ನೂ ಮೀರಿದರೆ ಶಿಕ್ಷೆ ಇನ್ನೂ ಕಠಿಣ. ಸಂದರ್ಶನವನ್ನು ಅಕ್ಷರಕ್ಕಿಳಿಸಲು ಯಂತ್ರದ ನೆರವು ಪಡೆದಿದ್ದರೆ ವರದಿಯಲ್ಲಿ ಹಾಗೆಂದು ಬರೆಯಿರಿ. ಕೋಲಾರದ ಮಾತನ್ನು ಅದು ಬರೆದಿಟ್ಟ ರೀತಿ ನೋಡಿದರೆ ನೀವೇ ಮತ್ತೆ ಕುಳಿತು ಬರೆಯುತ್ತೀರಿ.

ವರದಿಯಲ್ಲಿ ‘ಸಾಕ್ಷ್ಯಚಿತ್ರದ ಇತಿಹಾಸ’ ಎಂದು ಇಪ್ಪತ್ತು ಪುಟ ತುಂಬಿಸುವುದು ಬೇಡ. ಚಿತ್ರೀಕರಣದ ದಿನಚರಿ, ಯಾವ ದೃಶ್ಯವನ್ನು ಏಕೆ ಕೈಬಿಟ್ಟಿರಿ, ಯಾವ ನಿರ್ಧಾರ ಯಾರದ್ದು, ಒಪ್ಪಿಗೆ ಪತ್ರಗಳ ಪ್ರತಿ, ಖರ್ಚಿನ ಲೆಕ್ಕ ಇವೇ ವರದಿಯ ಜೀವಾಳ.

ಮೌಖಿಕ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

‘ಇದರಲ್ಲಿ ನಿಮ್ಮ ಕೆಲಸ ಯಾವುದು?’ ಗುಂಪಿನಲ್ಲಿ ಹೆಸರಿಗೆ ಮಾತ್ರ ಇದ್ದವರು ತಡವರಿಸುವುದು ಇಲ್ಲೇ. ಆಮೇಲೆ ಯಾವುದಾದರೂ ಒಂದು ಶಾಟ್ ನಿಲ್ಲಿಸಿ ‘ಕ್ಯಾಮೆರಾ ಇಲ್ಲಿ ಏಕೆ?’ ಎನ್ನುತ್ತಾರೆ. ‘ಅಲ್ಲಿ ಮಾತ್ರ ನಿಲ್ಲಲು ಜಾಗವಿತ್ತು’ ಎಂಬುದು ನಿಜವಾದರೆ ಅದನ್ನೇ ಹೇಳಿ. ಸುಳ್ಳು ಸಿದ್ಧಾಂತಕ್ಕಿಂತ ಅದು ಮೇಲು. ಎದುರು ಪಕ್ಷದವರನ್ನು ಏಕೆ ಮಾತನಾಡಿಸಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವರು ಮಾತನಾಡಲು ಒಪ್ಪಲಿಲ್ಲವಾದರೆ, ಕೇಳಿದ ದಿನಾಂಕ ನಿಮ್ಮ ದಿನಚರಿಯಲ್ಲಿರಲಿ. ಪ್ರದರ್ಶನದ ಕೋಣೆಯ ಪ್ರೊಜೆಕ್ಟರಿನಲ್ಲಿ ಹಿಂದಿನ ದಿನವೇ ಚಿತ್ರ ಓಡಿಸಿ ನೋಡಿ.

ಮುಗಿದ ಮೇಲೆ ಯೂಟ್ಯೂಬಿಗೆ ಹಾಕಬಹುದೇ?

ಫಲಿತಾಂಶದವರೆಗೆ ಕಾಯಿರಿ. ಕೆಲವು ಚಿತ್ರೋತ್ಸವಗಳು ಅಂತರ್ಜಾಲದಲ್ಲಿ ಬಂದ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಕಳಿಸುವ ಯೋಚನೆಯಿದ್ದರೆ ನಿಯಮ ಓದುವವರೆಗೆ ಕೊಂಡಿ ಇದ್ದವರಿಗಷ್ಟೇ ಕಾಣುವಂತೆ ಇಡಿ. ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯಿದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ಅದು ಬೇಕಿಲ್ಲ. ಏರಿಸುವ ಮುನ್ನ ಚಿತ್ರದಲ್ಲಿರುವವರಿಗೆ ಒಮ್ಮೆ ತೋರಿಸಿ. ಮೊಬೈಲ್ ಸಂಖ್ಯೆ ಬರೆದ ಫಲಕ, ಲೆಕ್ಕದ ಚೀಟಿ, ಆಧಾರ್ ಕಾರ್ಡ್ ಎಲ್ಲಾದರೂ ಫ್ರೇಮಿನಲ್ಲಿ ಉಳಿದಿದ್ದರೆ ಅವರ ಕಣ್ಣಿಗೆ ಮೊದಲು ಬೀಳುತ್ತದೆ.